ಚಟ್ನಿಪುಡಿ ಡಬ್ಬಿಯ ಮೀಟರು

ಬಾಗಿಲು ತೆರೆದವರು ಮೊದಲು ನನ್ನ ಹಿಂದೆ ನೋಡುತ್ತಿದ್ದರು. ಏಣಿ, ಚೀಲ, ತಂತಿಯ ಸುರುಳಿ ಹೊತ್ತು ನಾನು ಕಣ್ಣೆದುರೇ ನಿಂತಿದ್ದರೂ, ವ್ಯಾನಿನಿಂದ ಇನ್ನೊಬ್ಬರು ಇಳಿದು ಬರಬೇಕೆಂದು ಕಾಯುತ್ತಿದ್ದರು. ನಮ್ಮ ಕನ್ನಡದವರ ಮನೆಯಾದರೆ ಕೇಳಿಯೂ ಬಿಡುತ್ತಿದ್ದರು.

"ಆಂಟಿ, ಟೆಕ್ನೀಷಿಯನ್ ಪಾರ್ಕ್ ಮಾಡ್ತಿದ್ದಾರಾ?"

"ನಾನೇಪ್ಪ ಟೆಕ್ನೀಷಿಯನ್ನು. ಪಾರ್ಕ್ ಮಾಡಿ ಆಯ್ತು. ಶೂ ಎಲ್ಲಿ ಬಿಡ್ಲಿ?"

ಅವರಿಗೆ ನಾಚಿಕೆಯಾಗುತ್ತಿತ್ತು, ನನಗೆ ಕಾಫಿ ಸಿಗುತ್ತಿತ್ತು. ಹತ್ತು ವರ್ಷಕ್ಕೂ ಮೀರಿ ಹೀಗೆ ನಡೆಯಿತು. ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿರುವ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದು, "ಆಂಟಿ, ಆವಾಗ ಆ್ಯಪ್ ಇರ್ಲಿಲ್ಲ ಅಲ್ವಾ? ಪ್ರಾಬ್ಲಮ್ ಹೇಗೆ ಕಂಡುಹಿಡೀತಿದ್ರಿ?" ಎಂದು ಕೇಳಿದರು. ಅಡುಗೆಮನೆಯ ಡ್ರಾಯರಿನಿಂದ ಹಳೆಯ ಮೀಟರು ತೆಗೆದು ತೋರಿಸಿದೆ. ಅದಕ್ಕೆ ಅಂಟಿಕೊಂಡಿದ್ದ ಪ್ಲಾಸ್ಟಿಕ್ ಡಬ್ಬಿ ನೋಡಿ ನಕ್ಕರು. ನಗಲಿ. ಆ ಡಬ್ಬಿಯ ಕಥೆ ಅವರಿಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯೊಂದರಲ್ಲಿ ಬೆಸುಗೆ ಕಲಿತು, ಆಮೇಲೆ ಅಮೆರಿಕದ ವರ್ಜೀನಿಯಾಕ್ಕೆ ಬಂದವಳು ನಾನು. ಎರಡು ಸಾವಿರದ ಎಂಟರಲ್ಲಿ ರೆಸ್ಟನ್ನಿನ ಒಂದು ಸಣ್ಣ ಕಂಪನಿ ಸೇರಿದೆ. ಮಾಲೀಕ ವಾಲ್ಟರ್, ಹಿಂದೆ ಹಡಗಿನಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದ ಮನುಷ್ಯ. ಕೋಪ ಬಂದರೆ ಬೈಯುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದ. ಅವನ ಕನ್ನಡಕ ನನ್ನಿಂದಾಗಿ ಬಹಳ ಸ್ವಚ್ಛವಾಗಿತ್ತು.

ನಮ್ಮ ಕೆಲಸ ಸರಳ. ಕೂತಲ್ಲಿಂದಲೇ ಗುಂಡಿ ಒತ್ತಿದರೆ ಮನೆಯ ದೀಪ, ಫ್ಯಾನು, ಒಲೆ ಹತ್ತಬೇಕು, ಆರಬೇಕು. ಈಗಿನ ಹಾಗೆ ಎಲ್ಲಕ್ಕೂ ವೈಫೈ ಇರಲಿಲ್ಲ. ಗುಂಡಿಯ ಸಂದೇಶ ಮನೆಯ ಕರೆಂಟಿನ ತಂತಿಯ ಮೇಲೇ ಸವಾರಿ ಮಾಡಿಕೊಂಡು ಹೋಗುತ್ತಿತ್ತು. ದೀಪವನ್ನೋ ಒಲೆಯನ್ನೋ ಚಿಕ್ಕ ಪೆಟ್ಟಿಗೆಯೊಂದಕ್ಕೆ ಸಿಕ್ಕಿಸಿ, ಆ ಪೆಟ್ಟಿಗೆಯನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುತ್ತಿದ್ದೆವು. ಪ್ರತಿ ಪೆಟ್ಟಿಗೆಗೂ ಒಂದು ವಿಳಾಸ, ಒಂದು ಅಕ್ಷರ ಮತ್ತು ಒಂದು ಅಂಕಿ. ಕಾರ್ಖಾನೆಯಿಂದ ಬರುವಾಗ ಎಲ್ಲವೂ 'ಎ ಒಂದು' ಎಂದೇ ಬರುತ್ತಿದ್ದವು. ಸ್ಕ್ರೂಡ್ರೈವರಿನ ತುದಿಯಿಂದ ಪುಟ್ಟ ಚಕ್ರ ತಿರುಗಿಸಿ ಬದಲಾಯಿಸಿಕೊಳ್ಳಬೇಕು. ಬಹಳ ಜನ ಬದಲಾಯಿಸುತ್ತಿರಲಿಲ್ಲ.

ಸಂದೇಶ ಸರಿಯಾಗಿ ತಲುಪುತ್ತಿದೆಯೇ ಎಂದು ನೋಡಲು ನಮ್ಮ ಬಳಿ ಅಂಗೈಯಗಲದ ಸಿಗ್ನಲ್ ಮೀಟರು ಇತ್ತು. ಸಾಕೆಟ್ಟಿಗೆ ಸಿಕ್ಕಿಸಿದರೆ, ತಂತಿಯಲ್ಲಿ ಯಾವ ಸಂದೇಶ ಬಂತು, ಎಷ್ಟು ಜೋರಾಗಿ ಬಂತು ಎಂದು ಅದರ ಪರದೆ ತೋರಿಸುತ್ತಿತ್ತು. ಮುಂದಿನ ಸಂದೇಶ ಬಂದ ಕೂಡಲೇ ಹಿಂದಿನದು ಅಳಿಸಿಹೋಗುತ್ತಿತ್ತು. ಅದರ ಮುಂದೆ ಕಾದು ಕೂತವರಿಗೆ ಮಾತ್ರ ಅದು ಉಪಯೋಗ. ನಾವು ಬಂದಾಗ ಎಲ್ಲ ಸರಿಯಿದ್ದು, ಹೋದ ಮೇಲೆ ಕೆಡುವ ಮನೆಗಳ ಮುಂದೆ ಅದು ಬೆಪ್ಪಾಗಿ ಕೂತಿರುತ್ತಿತ್ತು, ನಾನೂ ಕೂತಿರುತ್ತಿದ್ದೆ.

ಸೆಂಟರ್‌ವಿಲ್ಲಿನ ಮನೆಯೊಂದನ್ನು ಇಲ್ಲಿ ಹೇಳಲೇಬೇಕು, ಮುಂದೆ ಬೇಕಾಗುತ್ತದೆ. ಆ ಮನೆಯಲ್ಲಿ ಮಹಡಿಯ ದೀಪಗಳು ರಿಮೋಟಿಗೆ ಬಗ್ಗುತ್ತಿದ್ದುದು ಕೇಕ್ ಬೇಯಿಸುವಾಗ ಮಾತ್ರ. ಮನೆಯಾಕೆ ಹೇಳಿದಾಗ ನಾನು ನಂಬಲಿಲ್ಲ. ಅವರು ಓವನ್ ಹಾಕಿ ತೋರಿಸಿದರು, ದೀಪ ಹತ್ತಿತು. ಆರಿಸಿದರು, ಮತ್ತೆ ಮುಷ್ಕರ. ಈ ದೇಶದ ಮನೆಗಳಿಗೆ ಕರೆಂಟು ಎರಡು ಸಾಲಾಗಿ ಬರುತ್ತದೆ. ಅರ್ಧ ಮನೆ ಒಂದು ಸಾಲಿನ ಮೇಲೆ, ಉಳಿದರ್ಧ ಇನ್ನೊಂದರ ಮೇಲೆ. ಒಂದು ಸಾಲಿನಲ್ಲಿ ಹೊರಟ ಸಂದೇಶ ಇನ್ನೊಂದಕ್ಕೆ ಸರಿಯಾಗಿ ದಾಟುವುದಿಲ್ಲ. ಓವನ್ನಿನಂಥ ದೊಡ್ಡ ಸಾಮಾನು ಎರಡೂ ಸಾಲಿಗೆ ಒಟ್ಟಿಗೆ ಕೂತು ಓಡುವುದರಿಂದ, ಅದು ಓಡುವಷ್ಟು ಹೊತ್ತು ಸಂದೇಶಕ್ಕೆ ಸೇತುವೆ ಸಿಗುತ್ತದೆ. ಆ ದಿನ ಪಾಠ ಕಲಿತೆ, ಎರಡು ತುಂಡು ಕೇಕೂ ತಿಂದೆ.

ಆಲ್ಡಿ ಎಂಬ ಊರಿನಿಂದ ಕರೆ ಬಂದಾಗ ನಾನು ಸೇರಿ ಮೂರು ವರ್ಷವಾಗಿತ್ತು. ಶರತ್ಕಾಲ, ಎಲೆ ಕೆಂಪಾಗುತ್ತಿದ್ದ ದಿನಗಳು. ಹೊಸ ಬಡಾವಣೆ, ಹೊಸ ಮನೆ. ಗಂಡ ಗಿರೀಶ ಬೆಂಗಳೂರಿನವನು, ಸಾಫ್ಟ್‌ವೇರ್. ಹೆಂಡತಿ ವೀಣಾ ಧಾರವಾಡದವಳು, ಆಸ್ಪತ್ರೆಯಲ್ಲಿ ಡಾಕ್ಟರು. ಅವರಿಗೆ ಇನ್ನೂ ವರ್ಷ ತುಂಬದ ಹೆಣ್ಣುಮಗು. ಮಗುವನ್ನು ನೋಡಿಕೊಳ್ಳುತ್ತಿದ್ದವರು ವೀಣಾಳ ತಾಯಿ ಗೋದಾವರಿಬಾಯಿ. ಧಾರವಾಡದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮಗಳ ಜೊತೆಗೇ ಇರಲು ಬಂದಿದ್ದರು. ಕೆಳಗಿನ ಬೇಸ್‌ಮೆಂಟಿನ ಕೋಣೆ ಅವರದು. ಅಲ್ಲೇ ಅವರ ದೇವರು, ಅಲ್ಲೇ ಒಂದು ಚಿಕ್ಕ ಎಲೆಕ್ಟ್ರಿಕ್ ಒಲೆ.

"ಆಂಟಿ, ಆಕ್ಚುಲಿ ಸಿಸ್ಟಮ್‌ನಲ್ಲಿ ಪ್ರಾಬ್ಲಮ್ ಇದ್ಯೋ ಇಲ್ವೋ ಗೊತ್ತಿಲ್ಲ," ಎಂದು ಗಿರೀಶ ದನಿ ತಗ್ಗಿಸಿದ. "ಅತ್ತೆಗೆ ಬೆರಳು ನೋವು, ನಾಬ್ ತಿರುಗ್ಸಕ್ಕಾಗಲ್ಲ ಅಂತ ನಾನೇ ಒಲೆಗೆ ರಿಮೋಟ್ ಹಾಕ್ಕೊಟ್ಟೆ. ಈಗ ಆಫ್ ಮಾಡೋದನ್ನೇ ಮರೀತಾರೆ. ಎರಡು ಸಲ ಪಾತ್ರೆ ಸುಟ್ಟು ಸ್ಮೋಕ್ ಅಲಾರ್ಮ್ ಹೊಡ್ಕೊಂಡಿದೆ. ಮಗು ಅಲ್ಲೇ ಮಲಗಿತ್ತು."

ವೀಣಾ ಅವನಿಗಿಂತ ಮುಂದೆ ಯೋಚಿಸಿದ್ದಳು. ಮರೆವಿನ ಪರೀಕ್ಷೆಗೆ ತಾಯಿಯ ಹೆಸರು ಬರೆಸಿದ್ದಳು, ಮಗುವಿಗೆ ಡೇಕೇರ್ ಹುಡುಕಿದ್ದಳು. "ಈ ತಿಂಗಳು ಮುಗಿದ ಕೂಡಲೇ ಕೂಸಿನ್ನ ಅಲ್ಲೇ ಬಿಡತೀವಿರಿ. ಅವ್ವನ ಕಡೆ ಒಬ್ಬಾಕಿನ್ನ ಬಿಡಲಿಕ್ಕೆ ನನಗ ಧೈರ್ಯ ಇಲ್ಲ," ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕೆಳಗೆ ಹೋದೆ. ಗೋದಾವರಿಬಾಯಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮಗ್ಗಿ ಹೇಳುತ್ತಿದ್ದರು. ಮಗು ಅವರ ಮೂಗು ಹಿಡಿಯುವುದರಲ್ಲಿ ಮಗ್ನವಾಗಿತ್ತು.

"ನೋಡ್ರಿ ಬಾಯಾರ, ನಾ ಆರಿಸೀನಿ," ಎಂದರು ನಾನು ಕೇಳುವ ಮೊದಲೇ. "ಗುಂಡಿ ಒತ್ತೀನಿ, ಕೆಂಪು ಆರಿದ್ದು ನೋಡೀನಿ. ಆಮ್ಯಾಲೆ ತಾನ ಹತ್ತತದ. ಹೇಳಿದ್ರ ಯಾರೂ ನಂಬಂಗಿಲ್ಲ." ಮಗುವಿನ ಕೈಯಿಂದ ಮೂಗು ಬಿಡಿಸಿಕೊಂಡು, "ಈಗೀಗ ನನಗೂ ಸಂಶಯ ಬರಲಿಕ್ಕತ್ತದ. ಖರೇನ ಆರಿಸೀನೋ, ಆರಿಸೀನಿ ಅಂತ ಅನಕೊಂಡೀನೋ," ಎಂದರು.

ಇಡೀ ಜೀವನ ಲೆಕ್ಕ ಕಲಿಸಿದ ಹೆಂಗಸಿಗೆ ತನ್ನ ತಲೆಯ ಮೇಲೇ ನಂಬಿಕೆ ಹೋಗುತ್ತಿತ್ತು. ಮೀಟರು ಸಿಕ್ಕಿಸಿ ಸಂಜೆಯವರೆಗೆ ಕೂತೆ. ಒಲೆ ಸಾಧು ಪ್ರಾಣಿಯ ಹಾಗೆ ಹೇಳಿದ್ದು ಕೇಳಿತು. ಸಿಟ್ಟು ಬಂದು ಮೀಟರನ್ನು ಚೀಲಕ್ಕೆ ತುರುಕಿ, ನಾನು ಇಲ್ಲದಾಗ ನೋಡಿ ಬರೆದಿಡುವ ಮೀಟರು ಬೇಕು, ಇಲ್ಲದಿದ್ದರೆ ನಾನೇ ಮಾಡುತ್ತೇನೆ ಎಂದುಕೊಂಡು ಹೊರಟೆ.

ವಾಲ್ಟರ್‌ಗೆ ಹೇಳಿದಾಗ, ಮೀಟರು ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದ. ವಾರಂಟಿ ಮುಗಿದು ವರ್ಷವಾಯಿತು ಎಂದೆ. ಕನ್ನಡಕ ಒರೆಸಿದ.

ಒಳಗಿನ ಕೆಲಸ ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ಸಂದೇಶವನ್ನು ಬಿಡಿಸಿ ಓದುವ ಚಿಪ್ ಒಂದು, ತೋರಿಸುವ ಪರದೆ ಒಂದು. ಇವೆರಡರ ನಡುವಿನ ತಂತಿಯಲ್ಲಿ ಹೋಗುವ ಮಾತನ್ನು ಕದ್ದು ಕೇಳಿದರೆ ಸಾಕು. ಆ ತಂತಿಗೆ ಇನ್ನೊಂದು ತಂತಿ ಬೆಸೆದು, ಆಫೀಸಿನ ಲ್ಯಾಪ್‌ಟಾಪಿಗೆ ಜೋಡಿಸಿ, ಮೀಟರನ್ನು ಸಾಕೆಟ್ಟಿಗೆ ಸಿಕ್ಕಿಸಿದೆ. ಟಪ್ ಎಂದಿತು. ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು, ತೆಳ್ಳಗೆ ಹೊಗೆ ಬಂತು.

"ಇದೇನು ವಾಸನೆ?" ಎಂದು ಪಕ್ಕದ ಕೋಣೆಯಿಂದ ವಾಲ್ಟರ್ ಕೇಳಿದ.

"ಕಲಿಕೆಯ ವಾಸನೆ," ಎಂದೆ. ಆ ದಿನ ಅವನು ಕನ್ನಡಕವನ್ನು ಬಹಳ ಹೊತ್ತು ಒರೆಸಿದ.

ಹುಡುಗಿಯರೇ, ಇದನ್ನು ಮಾತ್ರ ಗಮನವಿಟ್ಟು ಓದಿ. ಇಂಥ ಚಿಕ್ಕ ಮೀಟರುಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಗೋಡೆಯ ಕರೆಂಟು ನೇರ ಒಳಗೇ ಕೂತಿರುತ್ತದೆ. ಅಲ್ಲಿನ ಯಾವ ತಂತಿಯನ್ನೂ ಹೊರಗಿನ ಯಾವುದಕ್ಕೂ ಮುಟ್ಟಿಸುವಂತಿಲ್ಲ. ಕಾರ್ಖಾನೆಯಲ್ಲಿ ಇದನ್ನು ಕಲಿತಿದ್ದೆ, ಅವಸರದಲ್ಲಿ ಬಿಟ್ಟೆ. ಲ್ಯಾಪ್‌ಟಾಪಿನ ಜಾಗದಲ್ಲಿ ನನ್ನ ಕೈ ಇರಬಹುದಿತ್ತು.

ಎರಡನೆಯ ಸಲ ನಡುವೆ ಒಂದು ಪುಟ್ಟ ಬಿಡಿಭಾಗ ಹಾಕಿದೆ. ಅದರ ಒಂದು ಕಡೆ ಸಾಸಿವೆಯಷ್ಟು ದೀಪ, ಇನ್ನೊಂದು ಕಡೆ ಅದನ್ನು ನೋಡುವ ಕಣ್ಣು. ಸುದ್ದಿ ಬೆಳಕಾಗಿ ದಾಟುತ್ತದೆ, ಕರೆಂಟು ದಾಟುವುದಿಲ್ಲ. ನನ್ನ ಅಜ್ಜಿ ಮಡಿಯಲ್ಲಿದ್ದಾಗ ಕೈಗೆ ತಾಗದ ಹಾಗೆ ಮೇಲಿನಿಂದ ಪ್ರಸಾದ ಹಾಕುತ್ತಿದ್ದಳು, ಇದೂ ಹಾಗೆಯೇ. ಆಚೆ ಬದಿಗೆ ಒಂದು ಸಣ್ಣ ಬೋರ್ಡು, ನಾಣ್ಯದಂಥ ಬ್ಯಾಟರಿಯ ಗಡಿಯಾರ, ಕ್ಯಾಮೆರಾದ ಮೆಮೊರಿ ಕಾರ್ಡು. ಯಾವ ಸಂದೇಶ, ಎಷ್ಟು ಜೋರು, ಯಾವ ಹೊತ್ತಿಗೆ ಎಂದು ಪ್ರತಿಯೊಂದನ್ನೂ ಬರೆದಿಡುವ ಪ್ರೋಗ್ರಾಮನ್ನು ಒದ್ದಾಡಿ ನಾನೇ ಬರೆದೆ. ಇದನ್ನೆಲ್ಲ ಕೂರಿಸಲು ಸರಿಯಾದ ಪೆಟ್ಟಿಗೆ ಸಿಗದೆ ಮನೆಯ ಚಟ್ನಿಪುಡಿ ಡಬ್ಬಿ ತೊಳೆದು ತಂದೆ. ಎಷ್ಟು ತೊಳೆದರೂ ಇಂಗಿನ ವಾಸನೆ ಹೋಗಲಿಲ್ಲ. ಮೊದಲ ಬಾರಿ ಕಾರ್ಡಿನಲ್ಲಿ ಸಾಲು ಮೂಡಿದಾಗ ನಾನು ಕುರ್ಚಿಯಿಂದ ಎದ್ದು ಒಬ್ಬಳೇ ಕುಣಿದೆ. ಬಾಗಿಲಲ್ಲಿ ವಾಲ್ಟರ್ ನಿಂತಿದ್ದ. ಬಾಗಿಲು ಎಳೆದುಕೊಂಡು ಹೋದ.

ಮುಂದೆ ಅವನೇ, ಬೇರೆ ಊರುಗಳಲ್ಲಿ ಇದೇ ಕೆಲಸ ಮಾಡುವ ಗೆಳೆಯರಿಗೆ ಬೇಕಂತೆ, ಇಂಥವು ಇನ್ನೆರಡು ಮಾಡಿಕೊಡು ಎಂದ. ಒಂದು ಅಟ್ಲಾಂಟಾಕ್ಕೆ ಹೋಯಿತು. ಇನ್ನೊಂದು ಶಾರ್ಲೆಟ್ಟಿಗೆ ಹೋಗಿ, ಮನೆಯವರು ಕೆಲಸಕ್ಕೆ ಹೋದ ಮೇಲೆ ರಿಮೋಟನ್ನು ಕುಕ್ಕುತ್ತಿದ್ದ ಗಿಳಿಯನ್ನು ಹಿಡಿದುಕೊಟ್ಟಿತು. ಅವು ಅಂದವಾದ ಪೆಟ್ಟಿಗೆಯಲ್ಲಿದ್ದವು. ನನಗೆ ಡಬ್ಬಿಯದೇ ಪ್ರೀತಿ.

ಡಬ್ಬಿಯನ್ನು ಆಲ್ಡಿಗೆ ಒಯ್ದು, ಗೋದಾವರಿಬಾಯಿಯ ಒಲೆಯ ಪಕ್ಕದ ಸಾಕೆಟ್ಟಿಗೆ ಸಿಕ್ಕಿಸಿದೆ. ಅವರು ಬಗ್ಗಿ ಮೂಸಿ ನೋಡಿದರು.

"ಶೇಂಗಾ ಚಟ್ನಿ ಅಲ್ಲ ಇದು," ಎಂದರು.

"ಇಲ್ಲಮ್ಮ, ನಮ್ಮ ಮೈಸೂರಿನ ಕಡೆದು."

"ಅದಕ್ಕ ಖಾರಿಲ್ಲ," ಎಂದು ನಕ್ಕರು. ನಾನು ಅವರ ನಗು ನೋಡಿದ್ದು ಅದೇ ಮೊದಲು.

ಒಂದು ವಾರ ಕಳೆದು ಹೋಗಿ ಕಾರ್ಡು ತೆಗೆದು, ಸಾಲುಗಳನ್ನು ಪ್ರಿಂಟ್ ಮಾಡಿ ಅವರ ಕೋಣೆಯಲ್ಲೇ ಕೂತು ಓದಿದೆ. ನಡುವೆ ಇನ್ನೊಮ್ಮೆ ಪಾತ್ರೆ ಸುಟ್ಟಿತ್ತು. ಡೇಕೇರ್ ಶುರುವಾಗಲು ಕೆಲವೇ ದಿನ ಉಳಿದಿದ್ದವು. ಓದುತ್ತ ಹೋದಂತೆ ನನ್ನ ಉತ್ಸಾಹ ಇಳಿಯಿತು. ಅವರು ಒಲೆ ಆರಿಸಿದ್ದು ದಿನವೂ ದಾಖಲಾಗಿತ್ತು. ಆದರೆ ಸಂಜೆ ಮತ್ತೆ 'ಎ ಒಂದು, ಆನ್' ಎಂಬ ಸಂದೇಶವೂ ದಿನವೂ ಇತ್ತು. ಮೂರನೆಯವರು ಯಾರೋ ಟೈಮರ್ ಇಟ್ಟಿದ್ದರೆ ಅದು ದಿನವೂ ಒಂದೇ ಹೊತ್ತಿಗೆ ಬರಬೇಕು. ಇದು ಇವತ್ತು ಒಂದು ಹೊತ್ತು, ನಾಳೆ ಇನ್ನೊಂದು. ಗಡಿಯಾರ ಹೀಗೆ ಮಾಡುವುದಿಲ್ಲ, ಮನುಷ್ಯರ ಕೈ ಮಾಡುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದ ಕೈ ಒಂದೇ. ಅವರಿಗೆ ಏನೆಂದು ಹೇಳಲಿ ಎಂದು ತೋಚದೆ ಕಾಗದ ಮಡಿಸಿದೆ.

"ತರ್ರಿ ಇಲ್ಲೆ," ಎಂದು ಗೋದಾವರಿಬಾಯಿ ಕೈ ಚಾಚಿದರು. ಕನ್ನಡಕ ಹಾಕಿ, ಉತ್ತರಪತ್ರಿಕೆ ತಿದ್ದುವವರ ಹಾಗೆ ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿದರು. ಮತ್ತೆ ಮೇಲೆ ಹೋದರು.

"ಇದು ಸುಮ್ಮ ಸುಮ್ಮನ ಬದಲಾಗಿಲ್ರಿ. ದಿನಾ ಸ್ವಲ್ಪ ಸ್ವಲ್ಪ ಲಗೂ ಆಗಲಿಕ್ಕತ್ತದ. ಒಂದು ದಿನಾನೂ ತಡಾ ಆಗಿಲ್ಲ."

"ಹಾಗಂದ್ರೆ?"

"ಹೊತ್ತು ಮುಳುಗೂ ಹೊತ್ತು. ನಾ ದಿನಾ ದೇವರ ಮುಂದ ದೀಪ ಹಚ್ಚಾಕಿ, ನನಗ ತಿಳಿಯಂಗಿಲ್ಲೇನು? ಈಗ ದಿನಾ ಹೊತ್ತು ಲಗೂನ ಮುಳಗತದ. ನನ್ನಂಗ ಇನ್ನ್ಯಾರೋ ಹೊತ್ತು ನೋಡಿ ದೀಪ ಹಚ್ಚಲಿಕ್ಕತ್ತಾರ."

ನಾನು ಹಣೆ ಚಚ್ಚಿಕೊಂಡೆ. ಸೂರ್ಯಾಸ್ತವನ್ನು ತಾನೇ ಲೆಕ್ಕ ಹಾಕಿ ವರಾಂಡದ ದೀಪ ಹಚ್ಚುವ ಟೈಮರುಗಳನ್ನು ನಾನೇ ಎಷ್ಟೋ ಮನೆಗಳಿಗೆ ಕೂರಿಸಿದ್ದೆ. ಒಂದೇ ಟ್ರಾನ್ಸ್‌ಫಾರ್ಮರಿನಿಂದ ಕರೆಂಟು ಪಡೆಯುವ ಮನೆಗಳ ನಡುವೆ ಸಂದೇಶ ನುಸುಳಬಲ್ಲದು. ಅಂದರೆ ಇದು ನೆರೆಮನೆಯದು. ಅವರೂ 'ಎ ಒಂದು' ಬದಲಾಯಿಸಿರಲಿಲ್ಲ, ನಮ್ಮ ಗಿರೀಶನೂ ಬದಲಾಯಿಸಿರಲಿಲ್ಲ.

"ಆದ್ರೆ ಅಮ್ಮ, ಸಂದೇಶ ದಿನಾ ಬರುತ್ತೆ, ಒಲೆ ದಿನಾ ಹತ್ತಲ್ವಲ್ಲ?"

ಈಗ ಅವರ ಬೆರಳು ಪಕ್ಕದ ಸಾಲಿಗೆ ಹೋಯಿತು, ಸಿಗ್ನಲ್ ಎಷ್ಟು ಜೋರು ಎಂದು ಬರೆದಿದ್ದ ಕಡೆ. ಬಾಕಿ ದಿನ ಅದು ಒಲೆಗೆ ಕೇಳಿಸದಷ್ಟು ಕ್ಷೀಣ, ಎರಡು ದಿನ ಮಾತ್ರ ಭಾರೀ ಜೋರು.

"ಮಂಗಳವಾರ, ಶುಕ್ರವಾರ," ಎಂದರು ಯೋಚಿಸುತ್ತ. "ಅವು ನಾ ಹಿಟ್ಟು ರುಬ್ಬೂ ದಿನ."

"ಯಾವುದರಲ್ಲಿ ರುಬ್ತೀರಿ?"

ಪಕ್ಕದ ಲಾಂಡ್ರಿ ಕೋಣೆಗೆ ಕರೆದೊಯ್ದು ತೋರಿಸಿದರು. ಹುಬ್ಬಳ್ಳಿಯಿಂದ ಬಂದ ಕಲ್ಲಿನ ಗ್ರೈಂಡರು, ನಮ್ಮೂರಿನ ಇನ್ನೂರಿಪ್ಪತ್ತು ವೋಲ್ಟಿನದು. ಅಮೆರಿಕದ ನೂರಿಪ್ಪತ್ತು ವೋಲ್ಟಿನ ಮಾಮೂಲಿ ಸಾಕೆಟ್ಟಿಗೆ ಅದು ಅಲುಗಾಡುವುದೂ ಇಲ್ಲ. ಬೇರೆಯವರು ಇದಕ್ಕೆಂದೇ ಭಾರದ ಟ್ರಾನ್ಸ್‌ಫಾರ್ಮರ್ ಕೊಳ್ಳುತ್ತಾರೆ. ಗಿರೀಶ ಜಾಣ, ಬಟ್ಟೆ ಒಣಗಿಸುವ ಡ್ರೈಯರಿನ ದೊಡ್ಡ ಸಾಕೆಟ್ಟಿಗೆ ಹೊಂದುವ ವೈರು ತಾನೇ ಮಾಡಿಕೊಟ್ಟಿದ್ದ. ಆ ಸಾಕೆಟ್ಟು ಎರಡೂ ಸಾಲಿಗೆ ಕೂತಿರುತ್ತದೆ. ಸೆಂಟರ್‌ವಿಲ್ಲಿನ ಓವನ್ನು ನನ್ನ ಕಣ್ಣ ಮುಂದೆ ಬಂತು. ಗ್ರೈಂಡರು ತಿರುಗುವಷ್ಟು ಹೊತ್ತು ನೆರೆಮನೆಯ ಸಂದೇಶಕ್ಕೆ ಸೇತುವೆ ಸಿಗುತ್ತಿತ್ತು, ಅದು ನೇರ ಒಲೆಗೆ ಬರುತ್ತಿತ್ತು. ಡ್ರೈಯರ್ ಓಡಿದಾಗಲೂ ಹೀಗೇ ಆಗಬೇಕಿತ್ತು, ಆದರೆ ಆ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದುದು ಭಾನುವಾರ ಬೆಳಗ್ಗೆ. ನಾನು ಕಾದು ಕೂತ ದಿನ ಅವರು ಹಿಟ್ಟು ರುಬ್ಬಿರಲಿಲ್ಲ, ಅತಿಥಿ ಬಂದಿದ್ದಾರೆಂದು ಉಪ್ಪಿಟ್ಟು ಮಾಡಿದ್ದರು, ನಾನೂ ಹೊತ್ತು ಮುಳುಗುವ ಮೊದಲೇ ಎದ್ದಿದ್ದೆ.

ಆಮೇಲೆ ನಾನು ನೆರೆಮನೆಯ ಬಾಗಿಲು ತಟ್ಟಿದೆ. ಡಗ್ ಎಂಬ ಹಿರಿಯರು, ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ನಾನು ಪೂರ್ತಿ ಹೇಳುವ ಮೊದಲೇ ಬೇಸರದಿಂದ ತಲೆಯಾಡಿಸಿದರು. ತಮ್ಮ ವರಾಂಡದ ದೀಪ ಸಂಜೆ ಹತ್ತಿದ ಸ್ವಲ್ಪ ಹೊತ್ತಿಗೆ ಕೆಲವು ದಿನ ತಾನಾಗಿ ಆರುತ್ತದೆ, ಬಲ್ಬು ಬದಲಾಯಿಸಿ ಬದಲಾಯಿಸಿ ಸಾಕಾಗಿದೆ ಎಂದರು. ಆ ಕೆಲವು ದಿನ ಯಾವುವೆಂದು ನಾನೇ ಹೇಳಿದೆ. ಬಸ್ಸಿನಲ್ಲಿ ತುಂಟ ಮಕ್ಕಳನ್ನು ಹೇಗೆ ನೋಡುತ್ತಿದ್ದರೋ ಹಾಗೆ ಸಂಶಯದಿಂದ ನನ್ನನ್ನು ನೋಡಿದರು. ಇತ್ತ ಒಲೆ ತಾನೇ ಹತ್ತಿದ್ದು ಕಂಡು ಗೋದಾವರಿಬಾಯಿ ಗುಂಡಿ ಒತ್ತಿದಾಗಲೆಲ್ಲ ಅತ್ತ ಡಗ್‌ರ ದೀಪ ಆರುತ್ತಿತ್ತು.

ಸಂಜೆ ವೀಣಾ, ಗಿರೀಶ ಬಂದ ಮೇಲೆ ಗೋದಾವರಿಬಾಯಿಯೇ ಕಾಗದ ಹಿಡಿದು ಪಾಠ ಮಾಡಿದರು. ನಾನು ಸುಮ್ಮನೆ ಕೂತು ಕಾಫಿ ಕುಡಿದೆ. ಗಿರೀಶ, "ಅತ್ತೆ, ಸಾರಿ. ಅಡ್ರೆಸ್ ಚೇಂಜ್ ಮಾಡ್ಬೇಕಿತ್ತು, ನಾನೇ ಲೇಜಿ," ಎಂದ. ವೀಣಾ ಕಾಗದವನ್ನು ಎರಡು ಸಲ ಓದಿ, ತಾಯಿಯ ಪಕ್ಕ ನೆಲದ ಮೇಲೆ ಕೂತು, ಅವರ ಮೊಣಕಾಲಿನ ಮೇಲೆ ತಲೆಯಿಟ್ಟಳು. ನನ್ನ ಕಣ್ಣೂ ತುಂಬಿತು, ಲೋಟ ತೊಳೆಯುವ ನೆಪದಲ್ಲಿ ಎದ್ದೆ.

ಇಷ್ಟೆಲ್ಲ ಆದ ಮೇಲೆ ರಿಪೇರಿ ಎಂದರೆ ಚಕ್ರ ತಿರುಗಿಸುವುದು. ಯಾವ ಅಕ್ಷರ ಇಡಲಿ ಎಂದು ಕೇಳಿದೆ.

"ಜಿ ಇಡ್ರಿ. ಗೋದಾವರಿ," ಎಂದರು. ಒಲೆಗೂ ರಿಮೋಟಿಗೂ ಜಿ ಇಟ್ಟೆ.

ಪರೀಕ್ಷೆ ಶುಕ್ರವಾರ ಸಂಜೆ. ಬೇಸ್‌ಮೆಂಟಿನಲ್ಲಿ ಎಲ್ಲರೂ ಸೇರಿದೆವು. ವಾಲ್ಟರ್ ತಾನೂ ಬರುತ್ತೇನೆಂದು ಬಂದಿದ್ದ. ಡಗ್ ತಮ್ಮ ವರಾಂಡ ಕಾಣುವ ಕಿಟಕಿಯ ಬಳಿ ನಿಂತಿದ್ದರು. ಒಲೆ ಆರಿಸಿ, ಗ್ರೈಂಡರಿಗೆ ಅಕ್ಕಿ, ಉದ್ದು ಹಾಕಿ ಶುರು ಮಾಡಿದ ಗೋದಾವರಿಬಾಯಿ ದೇವರ ಮುಂದೆ ದೀಪ ಹಚ್ಚಿದರು. ಹೊರಗೆ ಕತ್ತಲಾಯಿತು. ಡಗ್ ಕೈ ಎತ್ತಿದರು, ಅವರ ದೀಪ ಹತ್ತಿತ್ತು. ನಾವೆಲ್ಲ ಒಲೆಯನ್ನೇ ನೋಡುತ್ತ ನಿಂತೆವು. ಏನೂ ಆಗಲಿಲ್ಲ. ಇನ್ನೂ ನೋಡಿದೆವು. ಇನ್ನೂ ಏನೂ ಆಗಲಿಲ್ಲ. ವಾಲ್ಟರ್ ಮೊದಲು ಚಪ್ಪಾಳೆ ತಟ್ಟಿದ, ಆಮೇಲೆ ಎಲ್ಲರೂ ತಟ್ಟಿದೆವು, ಮಗುವೂ ತಟ್ಟಿತು. ತಣ್ಣಗಿರುವ ಒಲೆಗೆ ಇಷ್ಟು ಜನ ಚಪ್ಪಾಳೆ ತಟ್ಟಿದ್ದನ್ನು ನನ್ನ ಕೆಲಸದಲ್ಲಿ ನಾನು ಮತ್ತೆಲ್ಲೂ ನೋಡಲಿಲ್ಲ.

ಮರುದಿನ ಬೆಳಗ್ಗೆ ಆ ಹಿಟ್ಟಿನ ದೋಸೆಗೆ ನಮ್ಮನ್ನೆಲ್ಲ ಮತ್ತೆ ಕರೆದರು. ಡಗ್ ಶೇಂಗಾ ಚಟ್ನಿ ಬಡಿಸಿಕೊಂಡು ನೀರು ಕುಡಿಯುತ್ತಿದ್ದರು. ಗೋದಾವರಿಬಾಯಿ ಒಲೆಯ ಮುಂದಿದ್ದರು. ವೀಣಾ ಮಗುವನ್ನು ಎತ್ತಿಕೊಂಡು ಅವರ ಹತ್ತಿರ ಬಂದಳು.

"ಅವ್ವಾ, ಡೇಕೇರಿಗೆ ಬ್ಯಾಡ ಅಂತ ಹೇಳಿಬಿಟ್ಟೆ. ಸೋಮವಾರ ನಾ ಲಗೂ ಹೋಗಬೇಕು. ಕೂಸಿನ್ನ ಇಟ್ಕೋತೀ?"

ಗೋದಾವರಿಬಾಯಿ ದೋಸೆ ತಿರುವಿ ಹಾಕಿದರು, ಗುಂಡಿ ಒತ್ತಿ ಒಲೆ ಆರಿಸಿದರು, ಕೈ ಒರೆಸಿಕೊಂಡು ಮಗುವನ್ನು ಇಸಿದುಕೊಂಡರು.

"ನೆನಪಿದ್ರ ಇಟ್ಕೋತೀನಿ ತಗೋ," ಎಂದರು.